ಎಲ್.ಐ.ಸಿ. ಕಟ್ಟಡವನ್ನು ಇನ್ನೊಮ್ಮೆ ಕಟ್ಟಿದ್ದು

ಮದರಾಸಿಗೆ ಬಂದ ಯಾವ ಕನ್ನಡಿಗನಾದರೂ ಮೌಂಟ್ ರೋಡಿನಲ್ಲಿ, ಅಂದರೆ ಈಗಿನ ಅಣ್ಣಾ ಸಾಲೈಯಲ್ಲಿ, ಒಂದು ಸಲ ಕತ್ತೆತ್ತಿ ಎಲ್.ಐ.ಸಿ. ಕಟ್ಟಡವನ್ನು ನೋಡಿರುತ್ತಾನೆ. 177 ಅಡಿ ಎತ್ತರ. 828 ಮೀಟರಿನ ಬುರ್ಜ್ ಖಲೀಫಾದ ಮುಂದೆ ಇದೇನು ಮಹಾ ಎಂದು ಗೆಳೆಯರು ನಕ್ಕರು. ನಗಲಿ. 1959ರಲ್ಲಿ ತೆರೆದಾಗ ಇಡೀ ಭಾರತದಲ್ಲೇ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. 1961ರಲ್ಲಿ ಬೊಂಬಾಯಿಯ ಉಷಾ ಕಿರಣ್ ಇದನ್ನು ಮೀರಿಸಿತು.

ಕಂಪ್ಯೂಟರಿನಲ್ಲಿ ಮೂರು ಆಯಾಮದ ಕಟ್ಟಡ ಮಾಡುವುದಕ್ಕೆ ಸ್ಕೆಚ್‌ಅಪ್ ಎಂಬ ತಂತ್ರಾಂಶ ಇದೆ. 2006ರಲ್ಲಿ ಅದನ್ನು ಗೂಗಲ್ ಕೊಂಡಿತು, 2012ರಲ್ಲಿ ಟ್ರಿಂಬಲ್ ಕಂಪನಿಗೆ ಮಾರಿತು. ಬ್ರೌಸರಿನಲ್ಲಿ ನಡೆಯುವ ಒಂದು ಆವೃತ್ತಿಗೆ ದುಡ್ಡು ಕೊಡಬೇಕಾಗಿಲ್ಲ. ಎಂಜಿನಿಯರಿಂಗ್‌ನವರ ಸೊತ್ತು ಎಂದು ನಾವು ಕಾಮರ್ಸ್‌ನವರು ಹೆದರಬೇಕಾದ್ದೂ ಇಲ್ಲ. ಅದರ ಮುಖ್ಯ ಯುಕ್ತಿ ಇಷ್ಟೆ: ನೆಲದ ಮೇಲೆ ಒಂದು ಆಯತ ಬರೆಯಿರಿ, ಉದ್ದ ಅಗಲ ಟೈಪ್ ಮಾಡಿ, ಆ ಆಯತವನ್ನು ಹಿಡಿದು ಮೇಲಕ್ಕೆ ಎಳೆಯಿರಿ. ರೊಟ್ಟಿಯಂತಿದ್ದದ್ದು ಪೆಟ್ಟಿಗೆಯಾಗುತ್ತೆ. ಅದೇ ಸಲಕರಣೆಯಿಂದ ಗೋಡೆಯಲ್ಲಿ ಚೌಕ ಬರೆದು ಒಳಕ್ಕೆ ಒತ್ತಿದರೆ ಕಿಟಕಿ.

ಆದರೆ ನೂರಾರು ಕಿಟಕಿಯನ್ನು ಒಂದೊಂದಾಗಿ ಒತ್ತುತ್ತಾ ಕೂತರೆ ಸೆಮಿಸ್ಟರ್ ಮುಗಿದೀತು. ಒಂದೇ ಕಿಟಕಿ ಮಾಡಿ ಅದನ್ನು ‘ಕಾಂಪೊನೆಂಟ್’ ಮಾಡಿಡಬೇಕು. ನಂತರ ಅದರ ನಕಲುಗಳನ್ನು ಸಾಲಾಗಿ ಇಡಬಹುದು. ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ಮಹಡಿಗೂ ಅದೇ ದಾರಿ. ಒಂದು ಮಹಡಿಯನ್ನು ಮೇಲಕ್ಕೆ ನಕಲು ಮಾಡಿ, ದೂರ ಟೈಪ್ ಮಾಡಿ, ಆಮೇಲೆ ಎಕ್ಸ್ ಅಕ್ಷರದ ಜೊತೆ ಎಷ್ಟು ನಕಲು ಎಂದು ಹೊಡೆದರಾಯ್ತು. ಇಲ್ಲೊಂದು ಎಚ್ಚರಿಕೆ. ಮೂಲದ ಮಹಡಿ ಆಗಲೇ ಇದೆಯಲ್ಲ, ಒಟ್ಟು 14 ಬೇಕಿದ್ದರೆ 13 ಎಂದೇ ಹೇಳ್ಬೇಕು. ನಾನು 14 ಹೊಡೆದು ಪುಕ್ಕಟೆಯಾಗಿ ಒಂದು ಮಹಡಿ ಹೆಚ್ಚು ಕಟ್ಟಿದ್ದೆ.

ನಿಜವಾದ ಪೇಚು ಬೇರೆ ಕಡೆ ಇತ್ತು. ಮಹಡಿಗಳು ಎಷ್ಟು? ಮದರಾಸಿನ ಹಳಬರು ಇದನ್ನು ‘ಹದಿನಾಲ್ಕು ಮಾಡಿ’ ಎನ್ನುತ್ತಾರೆ. ಕೆಲವು ಬರಹಗಳಲ್ಲಿ 12, ಇನ್ನು ಕೆಲವದರಲ್ಲಿ 15. ನೆಲಮಾಳಿಗೆಯನ್ನು ಸೇರಿಸಬೇಕೋ ಬೇಡವೋ, ನೆಲದ ಅಂತಸ್ತು ಒಂದೋ ಸೊನ್ನೆಯೋ, ತುದಿಯ ಲಿಫ್ಟ್ ಕೋಣೆಯನ್ನು ಏನೆನ್ನಬೇಕು? ದಾರಿಹೋಕನಿಗೆ ಇದು ಬೇಡದ ಜಿಜ್ಞಾಸೆ. ಮಾದರಿ ಮಾಡುವವನಿಗೆ ಹಾಗಲ್ಲ. 177ನ್ನು 14ರಿಂದ ಭಾಗಿಸಿದರೆ ಮಹಡಿಗೆ ಸುಮಾರು 12 ಅಡಿ 8 ಅಂಗುಲ, 12ರಿಂದ ಭಾಗಿಸಿದರೆ 14 ಅಡಿ 9 ಅಂಗುಲ. ಎರಡು ಅಡಿ ವ್ಯತ್ಯಾಸಕ್ಕೆ ಕಟ್ಟಡದ ಮುಖವೇ ಬೇರೆಯಾಗುತ್ತೆ! ಕೊನೆಗೆ ಎದುರಿನ ಫುಟ್‌ಪಾತಿನಲ್ಲಿ ನಿಂತು ಕಿಟಕಿ ಸಾಲುಗಳನ್ನು ಬೆರಳು ಮಡಚಿ ಎಣಿಸಿದೆ. ಬುಡದಿಂದ ತೆಗೆದ ಫೋಟೋ ನಂಬಬೇಡಿ, ಮೇಲಿನ ಮಹಡಿಗಳು ಅದರಲ್ಲಿ ಕುಗ್ಗಿರುತ್ತವೆ. ದೂರ ಹೋದಷ್ಟೂ ಒಳ್ಳೇದು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಸುಣ್ಣ ಇಟ್ಟಿಗೆಯ ಕಾಲದಲ್ಲಿ ದಪ್ಪ ಗೋಡೆಗಳೇ ಭಾರ ಹೊರುತ್ತಿದ್ದವು. ಈ ಊರಿಗೆ ಕಾಂಕ್ರೀಟ್ ಕಂಬಗಳ ಎತ್ತರದ ಕಟ್ಟಡವನ್ನು ರೂಢಿ ಮಾಡಿದ್ದೇ ಎಲ್.ಐ.ಸಿ. ಇಲ್ಲಿ ಭಾರವೆಲ್ಲ ಕಂಬ ತೊಲೆಗಳ ಮೇಲೆ, ಗೋಡೆ ಬರೀ ಮರೆ. ಹಾಗೆಂದು ಓದಿ ಕಷ್ಟಪಟ್ಟು ಒಳಗೆ ಕಂಬ ನಿಲ್ಲಿಸಿದೆ. ಒಂದು ದಿನ ಕೈತಪ್ಪಿ ಕಂಬಗಳೆಲ್ಲ ಅಳಿಸಿಹೋದವು. ಕಟ್ಟಡ ಮಾತ್ರ ಅಲ್ಲಾಡಲಿಲ್ಲ! ತಂತ್ರಾಂಶಕ್ಕೆ ಭಾರವೆಂಬುದೇ ಗೊತ್ತಿಲ್ಲ. ಗೋದಾಮು ಖಾಲಿಯಿದ್ದರೂ ತಾಳೆಯಾಗುವ ಲೆಕ್ಕದ ಪುಸ್ತಕ ಇರುತ್ತಲ್ಲ, ಹಾಗೆ. 1975ರಲ್ಲಿ ಈ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ನನ್ನ ಕಟ್ಟಡ ಸುಡುವುದೂ ಇಲ್ಲ.

ಇದನ್ನು ಕಟ್ಟಿಸಲು ಹೊರಟವರು ಎಂ.ಸಿ.ಟಿ.ಎಂ. ಚಿದಂಬರಂ ಚೆಟ್ಟಿಯಾರ್. 1937ರಲ್ಲಿ ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಸ್ಥಾಪಿಸಿದವರು ಅವರೇ. ತಮ್ಮ ಯುನೈಟೆಡ್ ಇಂಡಿಯಾ ವಿಮಾ ಕಂಪನಿಗಾಗಿ 18 ಮಹಡಿ ಎಣಿಸಿದ್ದರು. 1954ರಲ್ಲಿ ಸಿಂಗಪುರದ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1956ರಲ್ಲಿ 245 ವಿಮಾ ಸಂಸ್ಥೆಗಳು ರಾಷ್ಟ್ರೀಕರಣಗೊಂಡು ಎಲ್.ಐ.ಸಿ. ಹುಟ್ಟಿತು, ಅರ್ಧ ಎದ್ದ ಕಟ್ಟಡವೂ ಅದರ ಪಾಲಾಯಿತು. ಲಂಡನ್ನಿನ ವಾಸ್ತುಶಿಲ್ಪಿಗಳಾದ ಬ್ರೌನ್ ಮತ್ತು ಮೌಲಿನ್ 1957ರಲ್ಲಿ ಹಿಂದೆ ಸರಿದರು. ಇಲ್ಲಿನವರೇ ಆದ ಎಲ್.ಎಂ. ಚಿತಳೆ ಕೆಲಸ ಮುಗಿಸಿದರು. 18 ಮಾತ್ರ ಆಗಲೇ ಇಲ್ಲ.

ಇದನ್ನೆಲ್ಲ ಓದಿದ ರಾತ್ರಿ ಮಹಡಿಗಳನ್ನು ಅಳಿಸಿ, ಮತ್ತೆ ನಕಲು ಮಾಡಿ, ಈ ಸಲ 17 ಹೊಡೆದೆ. ಒಂದು ಕ್ಷಣದಲ್ಲಿ ಹದಿನೆಂಟೂ ಎದ್ದು ನಿಂತವು. ಚೆಟ್ಟಿಯಾರರ ಆಯುಷ್ಯದಲ್ಲಿ ಆಗದ್ದು ನನ್ನ ಎರಡು ಬೆರಳಿಗೆ ಆಯಿತಲ್ಲ ಎಂದು ಯಾಕೋ ನಾಚಿಕೆಯೂ ಆಯ್ತು. ಆ ಕಡತವನ್ನು ‘ಚೆಟ್ಟಿಯಾರ್’ ಎಂಬ ಹೆಸರಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಆಸೆಯಿದ್ದವರು ಶನಿವಾರ ಸಂಘದ ಕೋಣೆಗೆ ಬನ್ನಿ.