ಕ್ಲಿಂಗನ್ ಹೆಸರುಗಳು ಮತ್ತು ಮನೆತನ

ಕ್ಲಿಂಗನ್ನರು ಅಮೆರಿಕದ ವೈಜ್ಞಾನಿಕ ಕಾಲ್ಪನಿಕ ಸರಣಿಯಾದ ಸ್ಟಾರ್ ಟ್ರೆಕ್‌ನಲ್ಲಿ ಬರುವ ಅನ್ಯಗ್ರಹದ ಯೋಧ ಜನಾಂಗ. ಇವರಲ್ಲಿ ವ್ಯಕ್ತಿಯನ್ನು ಸ್ವಂತ ಹೆಸರು, ತಂದೆಯ ಹೆಸರು ಹಾಗೂ ಮನೆತನ ಎಂಬ ಮೂರು ಅಂಶಗಳಿಂದ ಗುರುತಿಸಲಾಗುತ್ತದೆ. ಕುಟುಂಬದ ಗೌರವವೂ ಅಪರಾಧವೂ ತಂದೆಯ ಹೆಸರಿನ ಮೂಲಕವೇ ಮಕ್ಕಳಿಗೆ ಬರುತ್ತವೆ ಎಂಬುದು ಕ್ಲಿಂಗನ್ನರ ನಂಬಿಕೆ. ಆದುದರಿಂದ ಹೆಸರನ್ನು ಕಳೆದುಕೊಳ್ಳುವುದು ಅವರಲ್ಲಿ ಮರಣಕ್ಕಿಂತ ಕಠಿಣವಾದ ಶಿಕ್ಷೆಯಾಗಿ ಚಿತ್ರಿತವಾಗಿದೆ.

ಹೆಸರಿನ ರಚನೆ

1967ರಲ್ಲಿ ಕ್ಲಿಂಗನ್ನರು ಮೊದಲ ಬಾರಿ ಕಿರುತೆರೆಯಲ್ಲಿ ಕಾಣಿಸಿಕೊಂಡಾಗ ಈ ಪದ್ಧತಿ ಇರಲಿಲ್ಲ. ಕೋರ್, ಕೊಲೊತ್, ಕಾಂಗ್ ಮುಂತಾದ ಆ ಕಾಲದ ಪಾತ್ರಗಳಿಗೆ ಬಹುಮಟ್ಟಿಗೆ ಕಕಾರದಿಂದ ಆರಂಭವಾಗುವ ಒಂಟಿ ಹೆಸರುಗಳಷ್ಟೇ ಇದ್ದವು. 1987ರಲ್ಲಿ ಆರಂಭವಾದ ‘ದಿ ನೆಕ್ಸ್ಟ್ ಜನರೇಷನ್’ ಸರಣಿಯ ವೋರ್ಫ್ ಎಂಬ ಪಾತ್ರದ ಮೂಲಕ ವಂಶದ ವಿಚಾರ ವಿಸ್ತಾರಗೊಂಡಿತು.

ಕ್ಲಿಂಗನ್ ಭಾಷೆಯನ್ನು ರೂಪಿಸಿದ ಭಾಷಾವಿಜ್ಞಾನಿ ಮಾರ್ಕ್ ಓಕ್ರಂಡ್ 1985ರಲ್ಲಿ ಅದರ ನಿಘಂಟನ್ನು ಪ್ರಕಟಿಸಿದರು. ಅದರಂತೆ ‘ಪುಕ್’ ಎಂದರೆ ಮಗು, ‘ಪುಕ್‌ಲೊಡ್’ ಎಂದರೆ ಮಗ, ‘ಪುಕ್‌ಬೆ’ ಎಂದರೆ ಮಗಳು. ‘ಮೋಗ್ ಪುಕ್‌ಲೊಡ್’ ಎಂಬಲ್ಲಿ ಕನ್ನಡದ ‘ಮೋಗನ ಮಗ’ ಎಂಬ ಪ್ರಯೋಗದಂತೆಯೇ ತಂದೆಯ ಹೆಸರು ಮೊದಲು ಬರುತ್ತದೆ. ವಿಭಕ್ತಿ ಪ್ರತ್ಯಯ ಮಾತ್ರ ಇರುವುದಿಲ್ಲ. ಇಂಗ್ಲಿಷ್ ಸಂಭಾಷಣೆಯಲ್ಲಿ ಈ ಕ್ರಮ ತಿರುವುಮುರುವಾಗಿ ಕೇಳಿಬರುತ್ತದೆ.

ಮನೆತನ

ಮನೆತನಕ್ಕೆ ಅದರ ಯಜಮಾನನ ಹೆಸರಿರುವುದು ವಾಡಿಕೆ. ‘ಡಿಸ್ಕವರಿ’ ಸರಣಿಯಲ್ಲಿ ಸಾಮ್ರಾಜ್ಯವು 24 ಮಹಾ ಮನೆತನಗಳಾಗಿ ಒಡೆದಿರುವಂತೆ ತೋರಿಸಲಾಗಿದೆ. ಅಲ್ಲಿ ಬರುವ ವೋಕ್ ಎಂಬಾತನು ಮನೆತನವಿಲ್ಲದವನು, ಯಾರ ಮಗನೂ ಅಲ್ಲದವನು ಎಂದೇ ಕರೆಸಿಕೊಳ್ಳುತ್ತಾನೆ. ಹುಟ್ಟಿನ ತಾರತಮ್ಯವೂ ಈ ಸಮಾಜದಲ್ಲಿ ಪ್ರಬಲವಾಗಿದೆ. ಸಾಮಾನ್ಯ ಕುಟುಂಬದಲ್ಲಿ ಜನಿಸಿದ ಮಾರ್ಟೊಕ್‌ಗೆ ಸೇನಾಧಿಕಾರಿಯಾಗುವ ಅವಕಾಶವನ್ನು ಕುಲೀನನಾದ ಕೋರ್ ನಿರಾಕರಿಸಿದ್ದನು. ಮುಂದೆ ಅದೇ ಮಾರ್ಟೊಕ್ ತನ್ನ ಹೆಸರಿನ ಮನೆತನಕ್ಕೆ ಯಜಮಾನನಾಗಿ, ಕೊನೆಗೆ ಸಾಮ್ರಾಜ್ಯದ ಮುಖ್ಯಸ್ಥನೂ ಆಗುತ್ತಾನೆ.

ಸ್ತ್ರೀಯರ ಸ್ಥಾನದ ಚಿತ್ರಣ ಎಲ್ಲೆಡೆ ಒಂದೇ ರೀತಿ ಇಲ್ಲ. 1991ರಲ್ಲಿ ಪ್ರಸಾರವಾದ ಕಂತಿನ ಪ್ರಕಾರ ಅವರು ಉನ್ನತ ಮಂಡಳಿಯ ಸದಸ್ಯರಾಗುವಂತಿಲ್ಲ. ಆದರೆ ಅದೇ ವರ್ಷದ ಚಲನಚಿತ್ರದಲ್ಲಿ, ಕಥೆಯ ಕಾಲಮಾನದಲ್ಲಿ ಹಲವು ದಶಕಗಳಷ್ಟು ಹಿಂದೆಯೇ, ಗೊರ್ಕಾನ್‌ನ ಮಗಳು ಅಜೆಟ್‌ಬುರ್ ತಂದೆಯ ನಂತರ ಸಾಮ್ರಾಜ್ಯದ ಮುಖ್ಯಸ್ಥೆಯಾಗುತ್ತಾಳೆ. ‘ಡೀಪ್ ಸ್ಪೇಸ್ ನೈನ್’ ಸರಣಿಯಲ್ಲಿ ಪುತ್ರಸಂತಾನವಿಲ್ಲದೆ ಪತಿಯನ್ನು ಕಳೆದುಕೊಂಡ ಗ್ರಿಲ್ಕಾ, ಆಸ್ತಿ ವೈರಿಯ ಪಾಲಾಗದಂತೆ ತಡೆಯಲು ಕ್ವಾರ್ಕ್ ಎಂಬ ಮದ್ಯದಂಗಡಿಯವನನ್ನು ಬಲವಂತವಾಗಿ ಮದುವೆಯಾಗುತ್ತಾಳೆ. ಹೀಗೆ ಯೋಧನೇ ಅಲ್ಲದ ಪರಗ್ರಹದ ವ್ಯಾಪಾರಿಯ ಹೆಸರು ಒಂದು ಕ್ಲಿಂಗನ್ ಮನೆತನಕ್ಕೆ ಕೆಲಕಾಲ ಅಂಟಿಕೊಳ್ಳುತ್ತದೆ. ಪ್ರಸಂಗ ಹಾಸ್ಯಮಯವಾಗಿದ್ದರೂ ಪದ್ಧತಿಯ ಕಠೋರತೆಯನ್ನು ಚೆನ್ನಾಗಿ ತೋರಿಸುತ್ತದೆ.

ಮೋಗ್‌ನ ಮಕ್ಕಳು

ಹೆಸರಿನ ಹೊಣೆ ಎಷ್ಟು ಭಾರವೆಂಬುದು ವೋರ್ಫ್ ಮತ್ತು ಅವನ ತಮ್ಮ ಕರ್ನ್‌ರ ಕಥೆಯಲ್ಲಿ ಸ್ಪಷ್ಟವಾಗುತ್ತದೆ. ಖಿಟೊಮರ್ ನೆಲೆಯ ಹತ್ಯಾಕಾಂಡದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ವೋರ್ಫ್‌ನನ್ನು ಸರ್ಗೇಯ್ ಮತ್ತು ಹೆಲೆನಾ ರೊಝೆಂಕೊ ಎಂಬ ಮಾನವ ದಂಪತಿಗಳು ಸಾಕುತ್ತಾರೆ. 1990ರ ‘ಸಿನ್ಸ್ ಆಫ್ ದ ಫಾದರ್’ ಕಂತಿನಲ್ಲಿ, ನೆಲೆಯನ್ನು ಶತ್ರುಗಳಾದ ರೊಮ್ಯುಲನ್ನರಿಗೆ ಒಪ್ಪಿಸಿದವನು ಮೋಗ್ ಎಂಬ ಆರೋಪ ಬರುತ್ತದೆ. ನಿಜವಾದ ದ್ರೋಹಿ ದುರಾಸ್‌ನ ತಂದೆ ಜರೋಡ್. ಆದರೆ ಪ್ರಬಲವಾದ ದುರಾಸ್ ಮನೆತನವನ್ನು ಬಯಲಿಗೆಳೆದರೆ ಅಂತರ್ಯುದ್ಧ ಸಂಭವಿಸುವುದೆಂದು ವೋರ್ಫ್ ಕಳಂಕವನ್ನು ತಾನೇ ಹೊರುತ್ತಾನೆ. ಮಂಡಳಿಯ ಸದಸ್ಯರು ಒಬ್ಬೊಬ್ಬರಾಗಿ ಅವನಿಗೆ ಬೆನ್ನು ತಿರುಗಿಸುತ್ತಾರೆ. ಬೇರೊಬ್ಬರ ಮಗನಾಗಿ ಬೆಳೆದಿದ್ದ ಕರ್ನ್ ತನ್ನ ಜನ್ಮರಹಸ್ಯವನ್ನು ಮುಚ್ಚಿಟ್ಟು, ಇತರರೊಂದಿಗೆ ಅಣ್ಣನಿಗೆ ತಾನೂ ಬೆನ್ನು ತೋರಿಸಬೇಕಾಗುತ್ತದೆ.

ಗೌರಾನ್ ಅಧಿಕಾರಕ್ಕೆ ಬಂದಾಗ ಮೋಗ್‌ನ ಹೆಸರು ಕಳಂಕಮುಕ್ತವಾಗುತ್ತದೆ. ಆದರೆ ಗೌರಾನ್‌ನ ಯುದ್ಧವನ್ನು ವೋರ್ಫ್ ಬೆಂಬಲಿಸದ ಕಾರಣ ಭೂಮಿ, ಬಿರುದು, ಮಂಡಳಿಯ ಸ್ಥಾನಗಳೆಲ್ಲ ಮತ್ತೆ ಹೋಗುತ್ತವೆ. ಈ ಬಾರಿ ಕರ್ನ್‌ಗೂ ಮರೆಯಿಲ್ಲ. ಅವಮಾನದಿಂದ ಕುಗ್ಗಿ, ತನ್ನನ್ನು ಕೊಲ್ಲುವಂತೆ ಅವನು ಅಣ್ಣನನ್ನೇ ಬೇಡುತ್ತಾನೆ. ಅಂತಿಮವಾಗಿ ಅವನ ಸ್ಮೃತಿಯನ್ನು ಅಳಿಸಿ, ನೊಗ್ರನ ಮಗ ರೊಡೆಕ್ ಎಂಬ ಹೊಸ ಹೆಸರನ್ನು ನೀಡಲಾಗುತ್ತದೆ. ನೀನು ನನ್ನ ಕುಟುಂಬದವನೇ ಎಂದು ರೊಡೆಕ್ ಕೇಳಿದಾಗ, ತನಗೆ ಕುಟುಂಬವೇ ಇಲ್ಲವೆಂದು ವೋರ್ಫ್ ಉತ್ತರಿಸುತ್ತಾನೆ.

ಸ್ವೀಕೃತ ಸಂಬಂಧಗಳು

ರಕ್ತಸಂಬಂಧವಿಲ್ಲದವರೂ ವಿಧಿಪೂರ್ವಕವಾಗಿ ಮನೆತನವನ್ನು ಸೇರಬಹುದು. 1997ರ ಕಂತೊಂದರಲ್ಲಿ ಮಾರ್ಟೊಕ್ ವೋರ್ಫ್‌ನನ್ನು ತನ್ನ ಮನೆತನಕ್ಕೆ ಸೇರಿಸಿಕೊಳ್ಳುತ್ತಾನೆ. ಆದರೆ ವೋರ್ಫ್‌ನ ವಧು ಜಾಡ್ಜಿಯಾ ಡ್ಯಾಕ್ಸ್ ಮನೆತನಕ್ಕೆ ಪ್ರವೇಶ ಪಡೆಯಬೇಕಾದರೆ ಮಾರ್ಟೊಕ್‌ನ ಪತ್ನಿ ಸಿರೆಲ್ಲಾಳ ಒಪ್ಪಿಗೆಯೇ ಬೇಕು. ಈ ವಿಷಯದಲ್ಲಿ ಸೇನಾನಿಯ ಮಾತು ನಡೆಯುವುದಿಲ್ಲ. ವೋರ್ಫ್‌ನ ಮಗ ಅಲೆಕ್ಸಾಂಡರ್ ತಂದೆಯೊಡನೆ ಮುನಿದು ರೊಝೆಂಕೊ ಎಂಬ ಮಾನವ ಕುಲನಾಮದಿಂದಲೇ ಸೇನೆಗೆ ಸೇರಿ, ಬಳಿಕ ಮಾರ್ಟೊಕ್ ಮನೆತನದವನಾಗುತ್ತಾನೆ.

2023ರಲ್ಲಿ ಪ್ರಸಾರವಾದ ‘ಪಿಕಾರ್ಡ್’ ಸರಣಿಯ ಮೂರನೆಯ ಭಾಗದಲ್ಲಿ ವೃದ್ಧ ವೋರ್ಫ್ ತನ್ನ ಪರಿಚಯವನ್ನು ಹೇಳಿಕೊಳ್ಳುವಾಗ ಮೋಗ್ ಮತ್ತು ಸರ್ಗೇಯ್ ಇಬ್ಬರನ್ನೂ ತಂದೆಯರೆಂದೂ, ಮಾರ್ಟೊಕ್ ಮತ್ತು ರೊಝೆಂಕೊ ಎರಡನ್ನೂ ತನ್ನ ಮನೆತನಗಳೆಂದೂ ಹೆಸರಿಸುತ್ತಾನೆ.