ಆಕಾಶದಿಂದ ಬರುವ ತಂತ್ರಾಂಶ, ನೆಲದ ಮೇಲಿನ ಹೊಣೆ

ಬೆಟಗೇರಿಯ ನೇಕಾರರ ಓಣಿಗಳಿಂದ ಮೊದಲ್ಗೊಂಡು ಕಪ್ಪತಗುಡ್ಡದ ಸೆರಗಿನ ಹಳ್ಳಿಗಳವರೆಗೆ, ಗದಗ ಜಿಲ್ಲೆಯ ಮಾಳಿಗೆಗಳ ಮೇಲೆ ಆಗ್ನೇಯಕ್ಕೆ ಮುಖ ಮಾಡಿದ ಡಿಶ್‌ಗಳು ಇಂದು ಸಾಮಾನ್ಯ ದೃಶ್ಯ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹದಿಂದ ವಾರ್ತೆ, ಧಾರಾವಾಹಿ, ಕ್ರಿಕೆಟ್ ಪಂದ್ಯಗಳು ಮನೆಯ ಪಡಸಾಲೆಗೆ ಇಳಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದೇ ದಾರಿಯಲ್ಲಿ ಇನ್ನೊಂದು ಸರಕೂ ಬರುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಟೀವಿಯ ಪಕ್ಕದಲ್ಲಿರುವ ಸೆಟ್ ಟಾಪ್ ಬಾಕ್ಸ್ ಹೇಗೆ ಕೆಲಸ ಮಾಡಬೇಕೆಂದು ನಿರ್ದೇಶಿಸುವ ತಂತ್ರಾಂಶವೂ ಉಪಗ್ರಹದಿಂದಲೇ ಬಂದು, ಹಳೆಯದನ್ನು ತೆಗೆದುಹಾಕಿ, ತಾನು ನೆಲೆಗೊಳ್ಳುತ್ತದೆ. ಈ ಕೆಲಸ ಸರಾಗವಾಗಿ ನಡೆದರೆ ಯಾರ ಗಮನಕ್ಕೂ ಬಾರದು. ನಡುವೆ ಕೆಟ್ಟರೆ ಹೊಣೆ ಯಾರದು ಎಂಬುದು ಸಾರ್ವಜನಿಕವಾಗಿ ಚರ್ಚೆಯಾಗಬೇಕಾದ ವಿಷಯ.

ಸೆಟ್ ಟಾಪ್ ಬಾಕ್ಸ್ ವಾಸ್ತವದಲ್ಲಿ ಒಂದು ಸಣ್ಣ ಕಂಪ್ಯೂಟರ್. ಅದರ ತಂತ್ರಾಂಶವನ್ನು ಆಗಾಗ ಬದಲಿಸಬೇಕಾಗುತ್ತದೆ. ಹೊಸ ಸೌಲಭ್ಯ ಸೇರಿಸಲು, ಮೊದಲೇ ಉಳಿದುಹೋದ ದೋಷ ತಿದ್ದಲು, ಚಂದಾ ಕಟ್ಟದೆ ಕಳ್ಳತನದಿಂದ ನೋಡುವುದನ್ನು ತಡೆಯಲು ಇದು ಅಗತ್ಯ. ಲಕ್ಷಾಂತರ ಮನೆಗಳಿಗೆ ತಂತ್ರಜ್ಞರನ್ನು ಕಳುಹಿಸುವುದು ಅಸಾಧ್ಯವಾದ್ದರಿಂದ, ಪ್ರಸಾರದ ಅಲೆಯಲ್ಲಿಯೇ ತಂತ್ರಾಂಶವನ್ನು ಸೇರಿಸಿ ಕಳುಹಿಸುವ ಪದ್ಧತಿ ಜಗತ್ತಿನಾದ್ಯಂತ ಬಳಕೆಗೆ ಬಂತು. 1993ರಲ್ಲಿ ಯುರೋಪಿನಲ್ಲಿ ಆರಂಭವಾದ ಡಿವಿಬಿ ಒಕ್ಕೂಟ ಇದಕ್ಕೂ ಒಂದು ಮಾನದಂಡವನ್ನು ರೂಪಿಸಿದೆ. ಭಾರತದ ಡಿಟಿಎಚ್ ಸೇವೆಗಳು ಡಿವಿಬಿ ಪ್ರಸಾರ ಪದ್ಧತಿಯನ್ನೇ ಅನುಸರಿಸುತ್ತವೆ.

ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದ ಕ್ರಮವನ್ನು ನೆನಪಿಸಿಕೊಂಡರೆ ಈ ವಿಧಾನ ಸುಲಭವಾಗಿ ಅರ್ಥವಾಗುತ್ತದೆ. ಸಾರುವವನು ಓಣಿ ಓಣಿ ತಿರುಗಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಮೊದಲ ಸಲ ಅರ್ಧ ಕೇಳಿದವರು ಎರಡನೆಯ ಸಲ ಉಳಿದರ್ಧ ಕೇಳಿಸಿಕೊಳ್ಳುತ್ತಿದ್ದರು. ತಂತ್ರಾಂಶವನ್ನೂ ಹೀಗೆಯೇ ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಸಂಖ್ಯೆ ಕೊಟ್ಟು, ಗಾಣದ ಎತ್ತಿನಂತೆ ಸುತ್ತು ಹಾಕಿಸಿ ಪ್ರಸಾರ ಮಾಡಲಾಗುತ್ತದೆ. ಈ ಸರಕು ಯಾವ ತಯಾರಕರ ಯಾವ ಮಾದರಿಯ ಪೆಟ್ಟಿಗೆಗೆ, ಅದರ ಆವೃತ್ತಿ ಯಾವುದು ಎಂಬ ಸೂಚನೆಯೂ ಜೊತೆಗಿರುತ್ತದೆ. ಪೆಟ್ಟಿಗೆ ಆ ಸೂಚನೆಯನ್ನು ಓದಿ, ತನಗೆ ಸಂಬಂಧಿಸಿದ್ದಾದರೆ ಮಾತ್ರ ತುಣುಕುಗಳನ್ನು ಕೂಡಿಹಾಕುತ್ತದೆ. ಮಳೆ-ಮೋಡದಿಂದ ತಪ್ಪಿಹೋದ ತುಣುಕು ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ಎಲ್ಲವೂ ಸೇರಿದ ಮೇಲೆ ಸರಕು ಅಸಲಿಯೇ ಎಂದು ಡಿಜಿಟಲ್ ಸಹಿಯ ಮೂಲಕ ಪರೀಕ್ಷಿಸಿ, ತನ್ನ ಸ್ಮರಣಕೋಶದಲ್ಲಿ ಬರೆದುಕೊಂಡು, ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ.

ಅರ್ಥಶಾಸ್ತ್ರದ ದೃಷ್ಟಿಯಿಂದ ಇದೊಂದು ಅಪರೂಪದ ಏರ್ಪಾಡು. ಒಂದು ಪೆಟ್ಟಿಗೆಗೆ ಕಳುಹಿಸುವ ವೆಚ್ಚಕ್ಕೂ ಒಂದು ಕೋಟಿ ಪೆಟ್ಟಿಗೆಗಳಿಗೆ ಕಳುಹಿಸುವ ವೆಚ್ಚಕ್ಕೂ ವ್ಯತ್ಯಾಸವಿಲ್ಲ. ಬೆಂಗಳೂರಿನ ಬಹುಮಹಡಿ ಮನೆಗೆ ತಲುಪುವ ಸರಕೇ ಶಿರಹಟ್ಟಿಯ ಹೊಲದ ಮನೆಗೂ ಅದೇ ಗಳಿಗೆಯಲ್ಲಿ ತಲುಪುತ್ತದೆ. ಆದರೆ ಈ ದಾರಿ ಏಕಮುಖ. ಡಿಶ್‌ಗೆ ಕೇಳಿಸಿಕೊಳ್ಳುವುದು ಮಾತ್ರ ಗೊತ್ತು, ಉತ್ತರಿಸುವುದು ಗೊತ್ತಿಲ್ಲ. ಸರ್ಕಾರಿ ಕಚೇರಿಯಲ್ಲಿ ಸುತ್ತೋಲೆ ಹೊರಡಿಸಿದವರು ಸ್ವೀಕೃತಿ ಪತ್ರಕ್ಕಾಗಿ ಕಾಯುತ್ತಾರೆ. ಇಲ್ಲಿ ಸ್ವೀಕೃತಿ ಎಂಬುದೇ ಇಲ್ಲ. ಅಂತರ್ಜಾಲದ ಸಂಪರ್ಕವಿಲ್ಲದ ಪೆಟ್ಟಿಗೆ ಹೊಸ ತಂತ್ರಾಂಶವನ್ನು ಪಡೆಯಿತೇ, ನಡುವೆಯೇ ಕೆಟ್ಟಿತೇ ಎಂಬುದು ಮನೆಯವರು ದೂರು ಕೊಡುವವರೆಗೆ ಕಳುಹಿಸಿದವರಿಗೆ ತಿಳಿಯದು. ಹೀಗಾಗಿ ಕಳುಹಿಸುವ ಲಾಭ ಕಂಪನಿಗೆ, ಕೆಟ್ಟರೆ ನಷ್ಟ ಬಳಕೆದಾರನಿಗೆ ಎಂಬ ಅಸಮತೋಲನ ಉಂಟಾಗುತ್ತದೆ.

ಅತ್ಯಂತ ಸೂಕ್ಷ್ಮ ಗಳಿಗೆಯೆಂದರೆ ತಂತ್ರಾಂಶವನ್ನು ಬರೆದುಕೊಳ್ಳುವ ಕೆಲವೇ ನಿಮಿಷಗಳು. ಆಗ ವಿದ್ಯುತ್ ಹೋದರೆ ಹಳೆಯದು ಅಳಿಸಿ, ಹೊಸದು ಪೂರ್ತಿಯಾಗದೆ, ಪೆಟ್ಟಿಗೆ ನಿರುಪಯುಕ್ತವಾಗುವ ಅಪಾಯವಿದೆ. ಉತ್ತಮ ವಿನ್ಯಾಸದ ಪೆಟ್ಟಿಗೆಗಳಲ್ಲಿ ಹಳೆಯ ಪ್ರತಿಯನ್ನು ಉಳಿಸಿಕೊಂಡೇ ಹೊಸದನ್ನು ಬೇರೆಡೆ ಬರೆಯುವ ವ್ಯವಸ್ಥೆ ಇರುತ್ತದೆ. ಪೆಟ್ಟಿಗೆಯನ್ನು ಎಬ್ಬಿಸುವ ಮೂಲ ತಂತ್ರಾಂಶವನ್ನು ಮುಟ್ಟುವುದೇ ಇಲ್ಲ. ಆದರೆ ಇದಕ್ಕೆ ಹೆಚ್ಚಿನ ಸ್ಮರಣಕೋಶ ಬೇಕು, ಆದ್ದರಿಂದ ಖರ್ಚೂ ಹೆಚ್ಚು. ಗುಡುಗು-ಮಿಂಚಿನ ಮುಂಗಾರು ಸಂಜೆಗಳಲ್ಲಿ ಕರೆಂಟು ಹೋಗಿ ಬರುವುದು ಮುಂಡರಗಿ, ಲಕ್ಷ್ಮೇಶ್ವರ ಭಾಗಕ್ಕೆ ಹೊಸದಲ್ಲ. ಸಿಡಿಲಿನ ಭಯದಿಂದಲೋ ಬಿಲ್ಲಿನ ಭಯದಿಂದಲೋ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುವವರೂ ಬಹಳ. ಪೂರ್ತಿ ಆರಿಸಿದ ಪೆಟ್ಟಿಗೆಗೆ ರಾತ್ರಿಯ ಡಂಗುರ ಕೇಳಿಸದು. ಮರುದಿನ ಮನೆಮಂದಿ ಟೀವಿ ಮುಂದೆ ಕುಳಿತಾಗಲೇ ಅದು ತಂತ್ರಾಂಶ ಇಳಿಸಿಕೊಳ್ಳಲು ಆರಂಭಿಸಬಹುದು.

ಆಗ ಪರದೆಯ ಮೇಲೆ ವಿದ್ಯುತ್ ಆರಿಸಬೇಡಿ ಎಂಬ ಎಚ್ಚರಿಕೆ ಮೂಡುತ್ತದೆ. ಅನೇಕ ಪೆಟ್ಟಿಗೆಗಳಲ್ಲಿ ಅದು ಇಂಗ್ಲಿಷಿನಲ್ಲಿರುತ್ತದೆ. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಹತ್ತನೆಯ ಶತಮಾನದಲ್ಲಿ ಆದಿಕವಿ ಪಂಪ ತನ್ನ ಕಾವ್ಯದ ಭಾಷೆಗೆ ಮಾದರಿಯಾಗಿ ಹೆಸರಿಸಿದ್ದು ಈ ಸೀಮೆಯ ಕನ್ನಡವನ್ನು. ಆ ನೆಲದ ಅಜ್ಜಿಗೆ ತನ್ನ ಮನೆಯ ವಸ್ತುವನ್ನು ಕಾಪಾಡಿಕೊಳ್ಳುವ ಒಂದು ಸಾಲಿನ ಸೂಚನೆ ತನ್ನ ಭಾಷೆಯಲ್ಲಿ ಸಿಗದಿರುವುದಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ. ಕನ್ನಡ ಅಕ್ಷರಗಳನ್ನು ತೋರಿಸುವಷ್ಟು ಶಕ್ತಿ ಈ ಪೆಟ್ಟಿಗೆಗಳಿಗೆ ಧಾರಾಳವಾಗಿದೆ.

ಚಂದಾ ಕಟ್ಟುವ ಗ್ರಾಹಕನಿಗೆ ದೂರು ಹೇಳಿಕೊಳ್ಳಲು ಒಂದು ಕಂಪನಿಯಾದರೂ ಇದೆ. ದೂರದರ್ಶನದ ಉಚಿತ ಸೇವೆಯ ವೀಕ್ಷಕರ ಸ್ಥಿತಿ ಬೇರೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾಗಿ ಮುಂದೆ ಡಿಡಿ ಫ್ರೀ ಡಿಶ್ ಆದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ. ಬಡ ಕುಟುಂಬಗಳಿಗೆ ಇದು ದೊಡ್ಡ ಉಪಕಾರ. ಆದರೆ ಪೆಟ್ಟಿಗೆಯನ್ನು ಬಜಾರಿನಲ್ಲಿ ಕೊಂಡುಕೊಳ್ಳಬೇಕು. ಹತ್ತಾರು ತಯಾರಕರ ನಾನಾ ಮಾದರಿಗಳಿರುವುದರಿಂದ, ಕೊಂಡ ಮೇಲೆ ತಂತ್ರಾಂಶ ಕಳುಹಿಸುವ ಹೊಣೆಯನ್ನು ಹೊತ್ತ ಒಬ್ಬ ಯಜಮಾನನಿಲ್ಲ. ಖಾಸಗಿ ವಾಹಿನಿಗಳಿಗೆ ಹರಾಜಿನ ಮೂಲಕ ಸ್ಥಾನ ನೀಡುವುದರಿಂದ ವಾಹಿನಿಗಳ ಪಟ್ಟಿ ಬದಲಾಗುತ್ತಿರುತ್ತದೆ. ಆಗ ವೀಕ್ಷಕನೇ ರಿಮೋಟ್ ಹಿಡಿದು ಮತ್ತೆ ಸ್ಕ್ಯಾನ್ ಮಾಡಬೇಕು. ತಿಳಿಯದವರು ಮೆಕ್ಯಾನಿಕ್‌ಗೆ ಹಣ ತೆರುತ್ತಾರೆ, ಇಲ್ಲವೇ ಪೆಟ್ಟಿಗೆ ಕೆಟ್ಟಿತೆಂದು ಮೂಲೆಗಿಡುತ್ತಾರೆ.

ತಂತ್ರಾಂಶದಿಂದ ಎಲ್ಲವೂ ಸರಿಹೋಗುವುದೂ ಇಲ್ಲ. 2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳು ಸ್ಥಗಿತಗೊಂಡವು. ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿದ್ದ ಸನ್ ಡೈರೆಕ್ಟ್ ಸೇವೆ ಮೀಸಾಟ್-3 ಉಪಗ್ರಹಕ್ಕೆ ವರ್ಗಾವಣೆಯಾಯಿತು. 93.5 ಡಿಗ್ರಿಯಿಂದ 91.5 ಡಿಗ್ರಿಗೆ ಡಿಶ್ ತಿರುಗಿಸಲು ಮನುಷ್ಯರೇ ಮಾಳಿಗೆ ಹತ್ತಬೇಕಾಯಿತು. ನೆಲದ ಮೇಲಿನ ದುರಸ್ತಿ ವ್ಯವಸ್ಥೆಗೆ ಪರ್ಯಾಯವಿಲ್ಲ ಎಂಬುದನ್ನು ಆ ಪ್ರಸಂಗ ತೋರಿಸಿತು.

ಈ ವಿವೇಕ ನಮಗೆ ಮೊದಲೇ ಇತ್ತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೊ ನಡೆಸಿದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತು. ಗದಗಿನ ನೆರೆಯ ಅಂದಿನ ರಾಯಚೂರು, ವಿಜಾಪುರ ಜಿಲ್ಲೆಗಳ ಹಾಗೂ ಗುಲ್ಬರ್ಗದ ಹಳ್ಳಿಗಳು ಅದರಲ್ಲಿ ಸೇರಿದ್ದವು. ಹಳ್ಳಿಯಲ್ಲಿ ಟೀವಿ ಇಡುವುದರ ಜೊತೆಗೆ ಅದನ್ನು ದುರಸ್ತಿ ಮಾಡುವ ಕೇಂದ್ರಗಳನ್ನೂ ಯೋಜನೆಯ ಭಾಗವಾಗಿಯೇ ಸ್ಥಾಪಿಸಲಾಗಿತ್ತು. ಪ್ರಸಾರ ಮಾಡುವವನ ಹೊಣೆ ಡಿಶ್‌ಗೆ ಮುಗಿಯದೆ ಪರದೆಯವರೆಗೂ ಇದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಈಗ ಆಗಬೇಕಾದ ಕೆಲಸಗಳು ದುಬಾರಿಯೇನಲ್ಲ. ಕಂಪನಿ ಕಳುಹಿಸಿದ ತಂತ್ರಾಂಶದಿಂದ ಪೆಟ್ಟಿಗೆ ಕೆಟ್ಟರೆ, ಖಾತರಿ ಅವಧಿ ಮುಗಿದಿದ್ದರೂ ಉಚಿತವಾಗಿ ಸರಿಪಡಿಸಬೇಕೆಂದು ನಿಯಮ ಸ್ಪಷ್ಟವಾಗಿ ಹೇಳಬೇಕು. ಹಳೆಯ ಪ್ರತಿಯನ್ನು ಉಳಿಸಿಕೊಳ್ಳುವ ವಿನ್ಯಾಸ ಕಡ್ಡಾಯವಾಗಬೇಕು. ತಂತ್ರಾಂಶ ಕಳುಹಿಸುವ ದಿನವನ್ನು ಮುಂಚಿತವಾಗಿ ಪರದೆಯ ಮೇಲೆ ಕನ್ನಡದಲ್ಲಿ ತಿಳಿಸಬೇಕು. ಫ್ರೀ ಡಿಶ್ ಪೆಟ್ಟಿಗೆ ಮಾರುವ ತಯಾರಕರು ಎಷ್ಟು ವರ್ಷ ತಂತ್ರಾಂಶ ಒದಗಿಸುತ್ತೇವೆಂದು ಡಬ್ಬಿಯ ಮೇಲೆ ಮುದ್ರಿಸಬೇಕು. ಒಂದೇ ಪೆಟ್ಟಿಗೆ ಎಲ್ಲ ಕಂಪನಿಗಳ ಸೇವೆಗೂ ಹೊಂದಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಅಂಥ ಪೆಟ್ಟಿಗೆಗೆ ತಂತ್ರಾಂಶ ಕಳುಹಿಸುವವರು ಯಾರೆಂಬುದೂ ಆ ಶಿಫಾರಸಿನೊಡನೆ ಇತ್ಯರ್ಥವಾಗಬೇಕಾದ ವಿಷಯ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ್ದು ಒಬ್ಬ ರೈತನ ಮೇಲೆ ಬೀಳುವ ಭಾರವನ್ನು ಹತ್ತು ಜನ ಹಂಚಿಕೊಳ್ಳಬೇಕೆಂಬ ವಿಚಾರದಿಂದ. ಒಂದು ತಂತ್ರಾಂಶ ಲಕ್ಷಾಂತರ ಮನೆಗಳಿಗೆ ಹೋದಾಗ ಕೆಡುವ ಪೆಟ್ಟಿಗೆಗಳು ಕೆಲವೇ ಇರಬಹುದು. ಆ ಕೆಲವರ ನಷ್ಟವನ್ನು ಎಲ್ಲ ಚಂದಾದಾರರ ಮೇಲೆ ಹಂಚಿದರೆ ತಲೆಗೆ ಬೀಳುವುದು ಪುಡಿಗಾಸು. ಒಬ್ಬ ನೇಕಾರನ ಮನೆಗೆ ಹೊಸ ಪೆಟ್ಟಿಗೆಯ ಬೆಲೆ ಪುಡಿಗಾಸಲ್ಲ.