ತಾನೇ ಬ್ರೇಕ್ ಹಾಕುವ ಕಾರಿಗೆ ಹೆಚ್ಚು ಹಣ ಕೊಡಬೇಕೆ?

ಮಾಡೆಲ್ ಯಾವುದೆಂದು ಗೊತ್ತಾಗಿ, ಬಣ್ಣ ಒಪ್ಪಿಗೆಯಾಗಿ, ಸಾಲದ ಕಂತಿನ ಲೆಕ್ಕವೂ ಮುಗಿದ ಮೇಲೆ ಶೋರೂಮಿನವರು ಒಂದು ಮಾತು ತೆಗೆಯುತ್ತಾರೆ: 'ಸರ್, ಇನ್ನೊಂದೂವರೆ ಲಕ್ಷ ಸೇರಿಸಿದರೆ ಅಡಾಸ್ ಇರೋ ಟಾಪ್ ಮಾಡೆಲ್ಲೇ ಸಿಗುತ್ತೆ.' ಮನೆಯಲ್ಲಿ ಚರ್ಚೆ ಶುರುವಾಗುವುದು ಅಲ್ಲಿಂದ. ಮಗ ಬೇಕೇ ಬೇಕು ಎನ್ನುತ್ತಾನೆ. ಅಪ್ಪ, ನಮ್ಮ ರಸ್ತೆಯಲ್ಲಿ ಅದೆಲ್ಲ ಎಲ್ಲಿ ನಡೆಯುತ್ತೆ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಅಡಾಸ್ ಎಂದರೆ ಒಂದೇ ವಸ್ತು, ತೆಗೆದುಕೊಂಡರೆ ಪೂರ್ತಿ, ಬಿಟ್ಟರೆ ಪೂರ್ತಿ ಎಂದುಕೊಂಡಿದ್ದಾರೆ. ಎಡವುವುದು ಅಲ್ಲೇ.

ಅಡಾಸ್ ಎಂಬುದು ಚಾಲಕರಿಗೆ ನೆರವಾಗುವ ಹತ್ತಾರು ಸೌಲಭ್ಯಗಳಿಗೆ ಇಟ್ಟ ಒಟ್ಟು ಹೆಸರು. ಮುಂದಿನ ಗಾಜಿನ ಹಿಂದೆ, ಒಳಗಿನ ಕನ್ನಡಿಯ ಪಕ್ಕದಲ್ಲಿ ಒಂದು ಕ್ಯಾಮರಾ; ಹಲವು ಕಾರುಗಳಲ್ಲಿ ಮುಂದಿನ ಗ್ರಿಲ್ ಅಥವಾ ಬಂಪರಿನ ಒಳಗೆ ಒಂದು ರಾಡಾರ್; ಹಿಂದಿನ ಬಂಪರಿನ ಎರಡು ಮೂಲೆಗಳಲ್ಲಿ ಚಿಕ್ಕ ರಾಡಾರ್‌ಗಳು. ಇವು ಕಂಡದ್ದನ್ನು ಕಂಪ್ಯೂಟರ್ ಲೆಕ್ಕ ಹಾಕಿ ಎಚ್ಚರಿಸುತ್ತದೆ, ಇಲ್ಲವೇ ಬ್ರೇಕಿಗೋ ಸ್ಟೀರಿಂಗಿಗೋ ತಾನೇ ಕೈಹಾಕುತ್ತದೆ. ನಮ್ಮ ದೇಶದಲ್ಲಿ 2020ರ ಎಂಜಿ ಗ್ಲಾಸ್ಟರ್, 2021ರ ಮಹೀಂದ್ರ ಎಕ್ಸ್‌ಯುವಿ700 ಮುಂತಾದ ದೊಡ್ಡ ಕಾರುಗಳಲ್ಲಿ ಕಾಣಿಸಿಕೊಂಡ ಇದು ಈಗ ಚಿಕ್ಕ ಎಸ್‌ಯುವಿಗಳಿಗೂ ಇಳಿದಿದೆ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವ 'ಲೆವೆಲ್ 2' ಬಗ್ಗೆ ಒಂದು ಮಾತು. ಎಸ್‌ಎಇ ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಸೊನ್ನೆಯಿಂದ ಐದರವರೆಗೆ ಮಾಡಿದ ವಿಂಗಡಣೆ ಅದು. ಎರಡನೆಯ ಹಂತದ ಕಾರು ವೇಗವನ್ನೂ ಸ್ಟೀರಿಂಗನ್ನೂ ಒಟ್ಟಿಗೆ ನಿಭಾಯಿಸಬಲ್ಲದು, ಆದರೆ ಕಾರು ಓಡಿಸುತ್ತಿರುವವರು ನೀವೇ, ಹೊಣೆಯೂ ನಿಮ್ಮದೇ. ಚಾಲಕ ಎಷ್ಟು ಕೆಲಸ ಬಿಟ್ಟುಕೊಟ್ಟಿದ್ದಾನೆ ಎಂಬುದಷ್ಟೇ ಆ ಅಂಕಿಯ ಅರ್ಥ. ಸುರಕ್ಷತೆಗೆ ಕೊಟ್ಟ ಮಾರ್ಕ್ಸ್ ಅದಲ್ಲ. ಪ್ರಾಣ ಉಳಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವ ತುರ್ತು ಬ್ರೇಕ್ ಇದೇ ವಿಂಗಡಣೆಯಲ್ಲಿ ಲೆವೆಲ್ ಸೊನ್ನೆಗೆ ಸೇರುತ್ತದೆ! ಇದೊಂದು ಗೊತ್ತಿದ್ದರೆ ಶೋರೂಮಿನ ಅರ್ಧ ಮಾತು ತಾನಾಗಿಯೇ ಜರಡಿಯಾಗುತ್ತದೆ.

ತುರ್ತು ಬ್ರೇಕಿನಿಂದಲೇ ಶುರು ಮಾಡೋಣ. ಮುಂದಿನ ವಾಹನಕ್ಕೆ ಗುದ್ದುವ ಹಂತ ಬಂದರೂ ಚಾಲಕ ಬ್ರೇಕ್ ಒತ್ತದಿದ್ದಾಗ ಕಾರು ತಾನೇ ಒತ್ತುತ್ತದೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್, ಈ ಸೌಲಭ್ಯ ಇರುವ ಮತ್ತು ಇಲ್ಲದ ಕಾರುಗಳ ಅಪಘಾತಗಳನ್ನು ಹೋಲಿಸಿ ನೋಡಿದೆ. ಬರೀ ಎಚ್ಚರಿಕೆ ಕೊಡುವ ಕಾರುಗಳಲ್ಲಿ ಹಿಂದಿನಿಂದ ಹೋಗಿ ಗುದ್ದುವ ಅಪಘಾತ ಶೇ. 27ರಷ್ಟು ಕಡಿಮೆ, ತಾನೇ ಬ್ರೇಕ್ ಹಾಕುವ ಕಾರುಗಳಲ್ಲಿ ಶೇ. 50ರಷ್ಟು ಕಡಿಮೆ. ಐರೋಪ್ಯ ಒಕ್ಕೂಟ 2024ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ.

'ಆದರೆ ಅದು ಪೂರ್ತಿ ನಿಲ್ಲಿಸಲ್ವಂತೆ' ಎಂಬ ಆಕ್ಷೇಪ ಪದೇ ಪದೇ ಬರುತ್ತದೆ. ಹೌದು, ಹಲವು ಸಲ ಪೂರ್ತಿ ನಿಲ್ಲಿಸುವುದಿಲ್ಲ. ನೀವು ಸ್ಟೀರಿಂಗ್ ತಿರುಗಿಸಿ ಪಾರಾಗುವ ಅವಕಾಶ ಇನ್ನೂ ಇದ್ದಾಗಲೇ ಅದು ಬ್ರೇಕ್ ಹಾಕಿಬಿಟ್ಟರೆ ಓವರ್‌ಟೇಕ್ ಮಾಡುವಾಗಲೆಲ್ಲ ಕಾರು ಮುಗ್ಗರಿಸುತ್ತದೆ, ಹಿಂದೆ ಬರುತ್ತಿರುವವರು ನಿಮಗೆ ಗುದ್ದುತ್ತಾರೆ. ಹಾಗಾಗಿ ಬೇಕೆಂದೇ ತಡಮಾಡಿ ಬ್ರೇಕ್ ಹಾಕುವಂತೆ ಅದನ್ನು ರೂಪಿಸಿದ್ದಾರೆ. ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಗುದ್ದಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಕಾರನ್ನು ಆ ಬ್ರೇಕ್ 40ಕ್ಕೆ ಇಳಿಸಿತು ಎನ್ನಿ. ಅರವತ್ತರ ವರ್ಗ 3600, ನಲವತ್ತರದ್ದು 1600. ವೇಗ ಮೂರನೆಯ ಒಂದು ಭಾಗವಷ್ಟೇ ಇಳಿದಿದೆ, ಗುದ್ದಿನ ಶಕ್ತಿ ಮಾತ್ರ ಅರ್ಧಕ್ಕಿಂತ ಕೆಳಗೆ ಬಂದಿದೆ. ಕಾಲು ಮುರಿದು ಆಸ್ಪತ್ರೆ ಸೇರುವುದಕ್ಕೂ ಬಂಪರ್ ಬದಲಿಸಿಕೊಂಡು ಮನೆಗೆ ಬರುವುದಕ್ಕೂ ಇರುವ ದೂರ ಕೆಲವೊಮ್ಮೆ ಇಷ್ಟೇ.

ಇನ್ನು ನಾನು ಯಾರು ಕೇಳಿದರೂ ಬಿಡದೆ ವಿವರಿಸುವ ವಿಷಯ. 'ಅಷ್ಟು ದುಬಾರಿ ರಾಡಾರ್‌ಗೆ ಎದುರಿಗೆ ನಿಂತಿರೋ ಲಾರಿ ಕಾಣಲ್ವಾ?' ಕಾಣುತ್ತದೆ. ಕಂಡದ್ದು ಲಾರಿಯೇ ಎಂದು ನಂಬುವುದು ಅದಕ್ಕೆ ಕಷ್ಟ.

ಕಾರಿನ ರಾಡಾರ್ ಸುಮಾರು 77 ಗಿಗಾಹರ್ಟ್ಸ್ ಕಂಪನಾಂಕದ ಅಲೆಗಳನ್ನು ಬಿಡುತ್ತದೆ. ಒಂದೊಂದು ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಎದುರಿನ ವಸ್ತುವಿಗೆ ತಾಗಿ ಮರಳುವ ಅಲೆಯ ಕಂಪನಾಂಕ, ಆ ವಸ್ತು ಹತ್ತಿರವಾಗುತ್ತಿದ್ದರೆ ಏರಿರುತ್ತದೆ, ದೂರವಾಗುತ್ತಿದ್ದರೆ ಇಳಿದಿರುತ್ತದೆ. ರೈಲು ನಮ್ಮತ್ತ ಬರುವಾಗ ಅದರ ಹಾರ್ನ್ ಕೀರಲಾಗಿ, ದಾಟಿ ಹೋದ ಮೇಲೆ ದಪ್ಪಗೆ ಕೇಳುವುದೂ ಇದೇ ಕಾರಣಕ್ಕೆ. ಆಸ್ಟ್ರಿಯಾದ ಡಾಪ್ಲರ್ 1842ರಲ್ಲಿ ಮುಂದಿಟ್ಟ ತತ್ವವಿದು. ನಕ್ಷತ್ರಗಳ ಬೆಳಕನ್ನು ಕುರಿತು ಆತ ಯೋಚಿಸಿದ್ದು ಇಂದು ನಮ್ಮ ಬಂಪರಿನೊಳಗೆ ಕೂತು ಕೆಲಸ ಮಾಡುತ್ತಿದೆ ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ. ನೀವು 90ರಲ್ಲಿ ಹೋಗುತ್ತಿದ್ದೀರಿ, ಮುಂದಿನ ಬಸ್ಸು 70ರಲ್ಲಿದೆ. ಬಸ್ಸು ನಿಮಗೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಿರವಾಗುತ್ತಿದೆ ಎಂದು ರಾಡಾರ್ ಒಂದೇ ಏಟಿಗೆ ಹೇಳುತ್ತದೆ. ಕತ್ತಲೆ ಅದಕ್ಕೆ ಲೆಕ್ಕಕ್ಕಿಲ್ಲ, ಮಡಿಕೇರಿಯ ಮಂಜೂ ಅಷ್ಟಾಗಿ ಅಡ್ಡಿಯಾಗದು.

ಈಗ ಬಸ್ಸಿನ ಜಾಗದಲ್ಲಿ ಕೆಟ್ಟು ನಿಂತ ಲಾರಿಯನ್ನು ಇಟ್ಟು ನೋಡಿ. ಅದು 90ರಲ್ಲಿ ಹತ್ತಿರವಾಗುತ್ತಿದೆ. ಆದರೆ ಡಿವೈಡರಿನ ಕಬ್ಬಿಣದ ಪಟ್ಟಿ, ತಲೆಯ ಮೇಲಿನ ಊರ ಹೆಸರಿನ ದೊಡ್ಡ ಬೋರ್ಡು, ಮೇಲ್ಸೇತುವೆ, ಮೋರಿಯ ಕಟ್ಟೆ, ರಸ್ತೆಯಲ್ಲಿ ಬಿದ್ದ ತಗಡು, ಇವೆಲ್ಲವೂ ಅಷ್ಟೇ ವೇಗದಲ್ಲಿ ಹತ್ತಿರವಾಗುತ್ತಿವೆ! ವೇಗದಿಂದ ಒಂದನ್ನು ಇನ್ನೊಂದರಿಂದ ಬಿಡಿಸುವುದು ರಾಡಾರಿನ ದೊಡ್ಡ ಶಕ್ತಿ. ಇಲ್ಲಿ ಆ ಶಕ್ತಿಯೇ ಕೆಲಸಕ್ಕೆ ಬರುವುದಿಲ್ಲ. ದೂರವನ್ನು ಅದು ಚೆನ್ನಾಗಿ ಅಳೆಯುತ್ತದೆ. ದಿಕ್ಕು ಅಷ್ಟು ಸ್ಪಷ್ಟವಿಲ್ಲ. ಸಾಮಾನ್ಯ ರಾಡಾರ್‌ಗಳಿಗೆ ಎತ್ತರವಂತೂ ಬಹಳ ಮಸುಕು. ನೂರು ಮೀಟರ್ ಮುಂದಿರುವುದು ರಸ್ತೆಯ ಮೇಲಿನ ಲಾರಿಯೋ ತಲೆಯ ಮೇಲಿನ ಬೋರ್ಡೋ ಎಂದು ಅದಕ್ಕೆ ನಿಚ್ಚಳವಾಗುವುದಿಲ್ಲ. ಪ್ರತಿ ಬೋರ್ಡಿಗೂ ಗಕ್ಕನೆ ಬ್ರೇಕ್ ಹಾಕುವ ಕಾರನ್ನು ಯಾರೂ ಓಡಿಸಲಾರರು. ಆದ್ದರಿಂದ ಹೆಚ್ಚು ವೇಗದಲ್ಲಿ ಹೋಗುವಾಗ, ತಾನು ಕಂಡಾಗಿನಿಂದಲೂ ನಿಂತೇ ಇದ್ದ ವಸ್ತುವನ್ನು ಕ್ಯಾಮರಾ ಸಾಕ್ಷಿ ಹೇಳುವವರೆಗೂ ಬದಿಗಿಡುವಂತೆ ಹಲವು ವ್ಯವಸ್ಥೆಗಳನ್ನು ರೂಪಿಸಿದ್ದಾರೆ. ಓಡುತ್ತಿದ್ದ ವಾಹನ ನಿಮ್ಮ ಕಣ್ಣೆದುರೇ ನಿಂತರೆ ತೊಂದರೆಯಿಲ್ಲ, ರಾಡಾರ್ ಅದನ್ನು ಮೊದಲೇ ಗುರುತು ಹಿಡಿದಿರುತ್ತದೆ.

2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ನಡೆದದ್ದು ಇದರ ಪಾಠದಂತಿದೆ. ಆಟೋಪೈಲಟ್‌ನಲ್ಲಿದ್ದ ಟೆಸ್ಲಾ ಕಾರು ಮುಂದಿನ ವಾಹನವನ್ನು ಹಿಂಬಾಲಿಸುತ್ತಿತ್ತು. ಮುಂದಿನ ವಾಹನ ಪಕ್ಕದ ಲೇನಿಗೆ ಸರಿಯಿತು. ಅದರಾಚೆ ಅಗ್ನಿಶಾಮಕ ವಾಹನವೊಂದು ನಿಂತಿತ್ತು. ದಾರಿ ಖಾಲಿಯಾಯಿತೆಂದು ಲೆಕ್ಕ ಹಾಕಿದ ಕಾರು ವೇಗ ಹೆಚ್ಚಿಸಿಕೊಂಡು ಹೋಗಿ ಗುದ್ದಿತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ನಮ್ಮ ಹೆದ್ದಾರಿಗಳಲ್ಲಿ ಓಡಾಡುವವರಿಗೆ ಈ ದೃಶ್ಯ ಹೊಸದಲ್ಲ: ಮುಂದಿನ ಕಾರು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಎಳೆದುಕೊಳ್ಳುತ್ತದೆ, ಎದುರಿಗೆ ಇದ್ದಕ್ಕಿದ್ದಂತೆ ಲಾರಿಯ ಬೆನ್ನು.

ಕ್ಯಾಮರಾಗೂ ಅದರದೇ ಮಿತಿಗಳಿವೆ. ಸಾವಿರಾರು ಚಿತ್ರಗಳಿಂದ ವಾಹನದ ಹಿಂಭಾಗ ಹೇಗಿರುತ್ತದೆಂದು ಅದು ಕಲಿತಿರುತ್ತದೆ. ಟೈರು ನೆಲ ಮುಟ್ಟುವ ಜಾಗ ಚಿತ್ರದಲ್ಲಿ ಎಲ್ಲಿದೆ ಎಂಬುದರಿಂದ ದೂರ ಅಂದಾಜಿಸುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಕಡೆ ರಾತ್ರಿ ಹೋಗಿ ನೋಡಿ. ಟ್ರ್ಯಾಕ್ಟರಿನ ಟ್ರೈಲರ್ ತುಂಬಿ ಚೆಲ್ಲುವಂತೆ ಹೇರಿದ ಕಬ್ಬು ಎರಡೂ ಬದಿಗೆ ಚಾಚಿರುತ್ತದೆ, ಹಿಂದೆ ಜೋತ ಸೋಗೆ ಕೆಂಪು ದೀಪವನ್ನು, ಅದು ಇದ್ದರೆ, ಮುಚ್ಚಿರುತ್ತದೆ. ಟೈರು ಕಾಣುವುದಿಲ್ಲ, ನಂಬರ್ ಪ್ಲೇಟ್ ಕಾಣುವುದಿಲ್ಲ. ಅದು ವಾಹನವೆಂದು ಗುರುತಿಸಲು ಬೇಕಾದ ಗೆರೆಯೊಂದೂ ಅಲ್ಲಿಲ್ಲ. ಮನುಷ್ಯರ ವಿಷಯದಲ್ಲೂ ಕತ್ತಲೆ ಹೀಗೇ ಕಾಡುತ್ತದೆ. ಪಾದಚಾರಿಗಳನ್ನು ಗುರುತಿಸಿ ಬ್ರೇಕ್ ಹಾಕುವ ಸೌಲಭ್ಯದಿಂದ ಅಂಥ ಅಪಘಾತಗಳು ಒಟ್ಟಾರೆ ಶೇ. 27ರಷ್ಟು ಇಳಿದರೂ, ಬೀದಿದೀಪವಿಲ್ಲದ ಕತ್ತಲ ರಸ್ತೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ ಎಂದು ಐಐಎಚ್‌ಎಸ್ 2022ರಲ್ಲಿ ಹೇಳಿತು. ಎತ್ತರವನ್ನೂ ಅಳೆಯುವ ಹೊಸ ರಾಡಾರ್‌ಗಳು ಬರುತ್ತಿವೆ, ಸುಧಾರಣೆ ಖಂಡಿತ ಆಗುತ್ತದೆ. ಅಲ್ಲಿಯವರೆಗೆ ರಾತ್ರಿಯ ಹೆದ್ದಾರಿಯಲ್ಲಿ ನಿಂತ ವಸ್ತುವನ್ನು ಕಾಣುವ ಕೆಲಸ ನಿಮ್ಮ ಕಣ್ಣಿನದೇ ಎಂದಿಟ್ಟುಕೊಳ್ಳಿ.

ಲೇನ್ ಕಾಯುವ ಸೌಲಭ್ಯವನ್ನು ನಾನು ಅಷ್ಟು ಹೊಗಳಲಾರೆ. ಕ್ಯಾಮರಾ ಬಿಳಿ ಗೆರೆಗಳನ್ನು ನೋಡುತ್ತದೆ, ಇಂಡಿಕೇಟರ್ ಹಾಕದೆ ಗೆರೆ ದಾಟಹೊರಟರೆ ಸ್ಟೀರಿಂಗನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತದೆ. ತೂಕಡಿಸುವವರಿಗೆ ಇದು ದೊಡ್ಡ ಉಪಕಾರ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗೆರೆಗಳಿವೆ, 2023ರ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಬೈಕು, ಆಟೋಗಳ ಪ್ರವೇಶವೂ ಇಲ್ಲ. ಅಲ್ಲಿ ಚೆನ್ನಾಗಿ ನಡೆಯುತ್ತದೆ. ಗೆರೆ ಅಳಿಸಿಹೋದ ರಾಜ್ಯ ಹೆದ್ದಾರಿಯಲ್ಲಿ ಅದು ಸುಮ್ಮನಿರುತ್ತದೆ. ಪೀಕಲಾಟ ಬರುವುದು ಗೆರೆಯೂ ಗುಂಡಿಯೂ ಒಟ್ಟಿಗೆ ಇರುವಲ್ಲಿ. ಗುಂಡಿ ತಪ್ಪಿಸಲು ಯಾರೂ ಇಂಡಿಕೇಟರ್ ಹಾಕುವುದಿಲ್ಲವಲ್ಲ! ನೀವು ಬಲಕ್ಕೆ ಎಳೆದರೆ ಸ್ಟೀರಿಂಗ್ ಎಡಕ್ಕೆ ಒತ್ತುತ್ತದೆ. ಆ ಒತ್ತು ಹೆಚ್ಚೇನಿಲ್ಲ, ಕೈಬಲಕ್ಕೆ ಸೋಲುತ್ತದೆ. ಆದರೂ ಗೊತ್ತಿಲ್ಲದವರು ಗಾಬರಿಬೀಳುತ್ತಾರೆ. ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ಅನುಭವಿಸಿ ನೋಡಿ. ಆಫ್ ಮಾಡಲು ಸ್ಟೀರಿಂಗ್ ಮೇಲೇ ಬಟನ್ ಇದೆಯೋ, ಪರದೆಯಲ್ಲಿ ನಾಲ್ಕು ಮೆನು ಇಳಿಯಬೇಕೋ ಎಂಬುದನ್ನೂ ನೋಡಿಕೊಳ್ಳಿ. ತುರ್ತು ಬ್ರೇಕನ್ನು ಮಾತ್ರ ಯಾರನ್ನಾದರೂ ಎದುರಿಗೆ ನಿಲ್ಲಿಸಿ ಪರೀಕ್ಷಿಸಲು ಹೋಗಬೇಡಿ, ಯಾವ ಕಾರಣಕ್ಕೂ.

ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್ ಕಾಲಿಗೆ ವಿಶ್ರಾಂತಿ ಕೊಡುತ್ತದೆ. ಅದು ಬಿಟ್ಟ ಅಂತರಕ್ಕೆ ಪಕ್ಕದವರು ಬಂದು ಸೇರಿಕೊಳ್ಳುತ್ತಾರೆ, ಕಾರು ಮತ್ತೆ ಹಿಂದೆ ಸರಿಯುತ್ತದೆ. ಅನುಕೂಲ ನಿಜ. ಆದರೆ ಇದನ್ನೂ ಲೇನಿನ ನಡುವೆ ಕಾರನ್ನು ನಡೆಸುವ ಸೌಲಭ್ಯವನ್ನೂ ಸೇರಿಸಿದ 'ಅರ್ಧ ಸ್ವಯಂಚಾಲನೆ'ಯಿಂದ ಅಪಘಾತ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು ಅದೇ ಐಐಎಚ್‌ಎಸ್ 2024ರಲ್ಲಿ ಹೇಳಿದೆ. ಕಾರಣ ಹಳೆಯದು. 1940ರ ದಶಕದಲ್ಲಿ ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್, ವಾಯುಪಡೆಯ ರಾಡಾರ್ ಕಾಯುವವರ ಎಚ್ಚರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಳಿಯಲು ಒಂದು ಗಡಿಯಾರ ಮಾಡಿಸಿದ. ಮುಳ್ಳು ಒಂದೇ ಸಮ ಹೆಜ್ಜೆ ಹಾಕುತ್ತಾ ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತಿತ್ತು, ಜಿಗಿದಾಗ ಗುಂಡಿ ಒತ್ತಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ಜಿಗಿತಗಳನ್ನು ತಪ್ಪಿಸತೊಡಗಿದರು. ತಾನೇ ಮಾಡದೆ ಬರೀ ಕಾಯುತ್ತಾ ಕೂರುವ ಕೆಲಸಕ್ಕೆ ನಮ್ಮ ಮನಸ್ಸು ಒಗ್ಗುವುದಿಲ್ಲ.

ಪಕ್ಕದ ಕನ್ನಡಿಯಲ್ಲಿ ಕಾಣದ ವಾಹನವನ್ನು ತೋರಿಸುವ ದೀಪ, ರಿವರ್ಸ್ ಬರುವಾಗ ಅಡ್ಡ ಬರುವ ವಾಹನದ ಎಚ್ಚರಿಕೆ, ಇವು ಸದ್ದಿಲ್ಲದೆ ಕೆಲಸ ಮಾಡುತ್ತವೆ. ಮೊದಲನೆಯದು ಲೇನ್ ಬದಲಿಸುವಾಗಿನ ಅಪಘಾತಗಳನ್ನು ಶೇ. 14ರಷ್ಟು, ಎರಡನೆಯದು ಹಿಂದಕ್ಕೆ ಬರುವಾಗಿನವನ್ನು ಶೇ. 22ರಷ್ಟು ಇಳಿಸಿದೆ. ಎಡಬಲ ಎರಡೂ ಕಡೆಯಿಂದ ಬೈಕುಗಳು ನುಗ್ಗುವ ನಮ್ಮ ಊರುಗಳಲ್ಲಿ ಇವು ಬೇಕಾದ ವಸ್ತುಗಳೇ.

ಹಾಗಾದರೆ ಹಣ? ಆರು ಏರ್‌ಬ್ಯಾಗ್, ಜಾರುವ ಕಾರನ್ನು ಹಿಡಿದು ನಿಲ್ಲಿಸುವ ಇಎಸ್‌ಸಿ, ಹಿಂದಿನ ಸೀಟಿನ ಮೂವರಿಗೂ ಭುಜದ ಮೇಲೆ ಬರುವ ಬೆಲ್ಟ್: ಇವುಗಳಲ್ಲಿ ಒಂದು ಇಲ್ಲದಿದ್ದರೂ ಮೊದಲು ಹಣ ಅಲ್ಲಿಗೆ ಹೋಗಲಿ. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ, 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸ್ಟಾರ್ ಸಿಗಬೇಕಾದರೆ ಇಎಸ್‌ಸಿ ಇರಲೇಬೇಕು ಎಂಬ ನಿಯಮವಿದೆ. ಅದರ ಮಹತ್ವಕ್ಕೆ ಅಷ್ಟು ಸಾಕ್ಷಿ ಸಾಕು. ಇವೆಲ್ಲ ಇದ್ದು, ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಓಡಾಡುವವರಾದರೆ ತುರ್ತು ಬ್ರೇಕಿಗೆ ಹಣ ಕೊಡಿ ಎಂದೇ ನಾನು ಹೇಳುತ್ತೇನೆ. ಊರೊಳಗಷ್ಟೇ ಓಡಿಸುವವರಿಗೆ ಪಕ್ಕದ ಮತ್ತು ಹಿಂದಿನ ಎಚ್ಚರಿಕೆಗಳು, ಒಳ್ಳೆಯ ರಿವರ್ಸ್ ಕ್ಯಾಮರಾ ಸಾಕು. ಸನ್‌ರೂಫ್, ದೊಡ್ಡ ಪರದೆ, ತಂಪು ಸೀಟುಗಳ ಜೊತೆ ಅಡಾಸ್ ಅನ್ನು ಗಂಟು ಹಾಕಿದ್ದರೆ ಕೇಳಿದ ಹಣದಲ್ಲಿ ಬ್ರೇಕಿನ ಪಾಲೆಷ್ಟು ಎಂದು ಕೂತು ಬಿಡಿಸಿ ನೋಡಿ. ಕೆಲವು ಕಂಪನಿಗಳು ನಡುವಿನ ಮಾಡೆಲ್‌ನಲ್ಲೂ ಕೊಡುತ್ತವೆ. ಮುಂದಿನ ಗಾಜು ಒಡೆದು ಬದಲಿಸಿದಾಗ ಕ್ಯಾಮರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕಾಗುತ್ತದೆ. ಅದರ ಖರ್ಚನ್ನೂ ನಿಮ್ಮ ವಿಮೆ ಅದನ್ನು ಭರಿಸುತ್ತದೆಯೇ ಎಂಬುದನ್ನೂ ಬುಕ್ ಮಾಡುವ ಮುಂಚೆಯೇ ಕೇಳಿ.

ಎಲ್ಲಕ್ಕಿಂತ ಮೊದಲು ಆ ಕಾರಿನ ಮ್ಯಾನ್ಯುಯಲ್ ತೆರೆಸಿ. ಕಾರು, ಬೈಕು, ಪಾದಚಾರಿ, ಪ್ರತಿಯೊಂದಕ್ಕೂ ಬ್ರೇಕ್ ಎಷ್ಟು ವೇಗದಿಂದ ಎಷ್ಟು ವೇಗದವರೆಗೆ ಕೆಲಸ ಮಾಡುತ್ತದೆ ಎಂಬ ವಿವರ, ಯಾವಾಗ ಮಾಡದೇ ಇರಬಹುದು ಎಂಬ ಉದ್ದನೆಯ ಪಟ್ಟಿ ಅಲ್ಲಿರುತ್ತದೆ. ಬ್ರೋಷರಿನಲ್ಲಿ ಸಿಗದ ಪ್ರಾಮಾಣಿಕತೆ ಆ ಪುಟಗಳಲ್ಲಿದೆ.

ಇಲ್ಲಿ ಕೊಟ್ಟ ಶೇಕಡಾ ಅಂಕಿಗಳೆಲ್ಲ ಅಮೆರಿಕದವು. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ಎದುರು ದಿಕ್ಕಿನಿಂದ ಬರುವ ಬೈಕಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅಪಘಾತಗಳ ವಿವರ ದಾಖಲಿಸಲು ಐಐಟಿ ಮದ್ರಾಸ್ ರೂಪಿಸಿದ ಐರ್ಯಾಡ್ ಎಂಬ ವ್ಯವಸ್ಥೆ ನಮ್ಮಲ್ಲಿದೆ, ವಾಹನಗಳ ನೋಂದಣಿಗೆ 'ವಾಹನ್' ಇದೆ. ಗುದ್ದಿದ ಕಾರು ಯಾವ ಮಾಡೆಲ್, ಅದರಲ್ಲಿ ತುರ್ತು ಬ್ರೇಕ್ ಇತ್ತೇ ಎಂದು ಇವೆರಡನ್ನೂ ಜೋಡಿಸಿ ನೋಡಿದರೆ ನಮ್ಮ ರಸ್ತೆಯ ಅಂಕಿ ನಮಗೇ ಸಿಗುತ್ತದೆ. ಇದನ್ನು ಓದುತ್ತಿರುವ ಎಂಜಿನಿಯರಿಂಗ್, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೇ, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಕೈಗೆತ್ತಿಕೊಳ್ಳಿ. ನಿಮ್ಮ ಜಿಲ್ಲೆಯ ಒಂದೇ ಹೆದ್ದಾರಿಯ ಒಂದು ವರ್ಷದ ದಾಖಲೆಯಿಂದಲೂ ಶುರು ಮಾಡಬಹುದು. ನಿಂತ ಲಾರಿಗೆ ಹಿಂದಿನಿಂದ ಗುದ್ದಿದ ಪ್ರಕರಣಗಳನ್ನು ಮೊದಲು ಬೇರೆ ಮಾಡಿಕೊಳ್ಳಿ.